ಎರಡು ಟನ್ ಎಸಿ, ಬಾಗಿಲಡಿಯಲ್ಲಿ ಎರಡು ಬೆರಳು ಸಂದು

ಮಂಗಳೂರಿನ ಬಿಜೈಯಲ್ಲಿ ಗೆಳೆಯರ ಹೊಸ ಮನೆಯ ಒಕ್ಕಲು ಊಟ ಮುಗಿಸಿ ಈಗಷ್ಟೇ ಬಂದೆ. ಮನೆ ಚಂದ ಉಂಟು. ಆದರೆ ಮಾರಾಯ್ರೇ, ಮೇಲಿನ ಬೆಡ್‌ರೂಮಿನಲ್ಲಿ ಎರಡು ಟನ್ನಿನ ಎಸಿ 18ಕ್ಕೆ ಇಟ್ಟು ಓಡುತ್ತಿದೆ, ಬಾಗಿಲಡಿಯಲ್ಲಿ ಎರಡು ಬೆರಳು ಹೋಗುವಷ್ಟು ಸಂದು! ತಲೆ ಮೇಲೆ ಬರೀ ಕಾಂಕ್ರೀಟು. "ಇನ್ನೂ ದೊಡ್ಡ ಎಸಿ ಹಾಕಬೇಕಿತ್ತು" ಅಂತ ಅವರ ಬೇಸರ. ನಾನು ಪಾಯಸ ಕುಡಿಯುತ್ತಾ ಸುಮ್ನಿದ್ದೆ. ಅದು ನನಗೆ ಎಷ್ಟು ಕಷ್ಟ ಅಂತ ನಿಮಗೆ ಗೊತ್ತಲ್ವಾ.

ನಮ್ಮೂರಿನ ಸೆಕೆಯಲ್ಲಿ ಎಸಿ ಗಾಳಿಯನ್ನು ತಣ್ಣಗೆ ಮಾಡಿದರೆ ಸಾಲದು, ಒಣಗಿಸಲೂ ಬೇಕು. ಪೈಪಿನಿಂದ ತೊಟ್ಟಿಕ್ಕುತ್ತದಲ್ಲ, ಅದು ಕೋಣೆಯ ಗಾಳಿಯಲ್ಲಿದ್ದ ನೀರು. ಸಂದಿನಿಂದ ಹಸಿ ಗಾಳಿ ಬರುತ್ತಲೇ ಇದ್ದರೆ, ಅರಬ್ಬಿ ಸಮುದ್ರ ಒಣಗಿಸಲು ಹೊರಟ ಹಾಗೆ. ಬಾಗಿಲಡಿಗೆ ರಬ್ಬರ್ ಪಟ್ಟಿ, ಕಿಟಕಿಗೆ ಫೋಮ್ ಟೇಪು. ಒಕ್ಕಲಿಗೆ ತಂದ ಹೂವಿನ ಖರ್ಚೂ ಆಗುವುದಿಲ್ಲ.

ಇನ್ನು ಸ್ಲಾಬು. ಹಗಲಿಡೀ ಬಿಸಿಲು ಹೀರಿ, ನೀವು ಮಲಗಿದ ಮೇಲೆ ನಿಧಾನಕ್ಕೆ ಕೆಳಗೆ ಬಿಡುತ್ತದೆ. ಹಳೆ ಮನೆಗಳಲ್ಲಿ ಹಂಚು, ಅದರಡಿ ಅಟ್ಟ, ಅದರಡಿ ಮರದ ಮುಚ್ಚಿಗೆ. ಬಿಸಿ ಗಾಳಿ ಹಂಚಿನ ಎಡೆಯಲ್ಲಿ ಹೊರಗೆ ಹೋಗುತ್ತಿತ್ತು, ಕೋಣೆಗೆ ಇಳಿಯುತ್ತಿರಲಿಲ್ಲ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ಹಾಕಿದ ಊರು ಇದು. ಊರೂರಿಗೆ ಹಂಚು ಕಳಿಸಿದ ನಾವು ಈಗ ಬೋಳು ಕಾಂಕ್ರೀಟಿನಡಿ ಬೇಯುತ್ತಿದ್ದೇವೆ. ಹಂಚಿಗೆ ವಾಪಸ್ ಹೋಗಿ ಅಂತಲ್ಲ. ಮಂಗ ಹಾರಿ ಒಡೆದ ಹಂಚು ಬದಲಿಸಲು ಈಗ ಜನ ಎಲ್ಲಿದ್ದಾರೆ? ಟೆರೇಸಿಗೆ ಬಿಸಿಲನ್ನು ವಾಪಸ್ ಕಳಿಸುವ ಬಿಳಿ ಕೂಲ್ ರೂಫ್ ಬಣ್ಣ ಬಳಿಯಿರಿ. ವಾಟರ್‌ಪ್ರೂಫಿಂಗ್ ಮಾಡಿಸುವಾಗಲೇ ಬಿಸಿ ತಡೆಯುವ ಗಟ್ಟಿ ಫೋಮಿನ ಹಲಗೆ, ಎಕ್ಸ್‌ಪಿಎಸ್ ಬೋರ್ಡು, ಹಾಸಿಸಿ. ಮಳೆಗೆಂದು ಹಾಕುವ ಶೀಟು ಕೂಡ, ಸುತ್ತ ತೆರೆದಿದ್ದರೆ, ಸ್ಲಾಬಿಗೆ ನೆರಳು. ಇದಕ್ಕೆಲ್ಲ ದುಡ್ಡಿಲ್ಲವಂತೆ. ಹಾಲ್‌ನಲ್ಲಿ ಬಣ್ಣ ಬದಲಿಸುವ ದೀಪಕ್ಕೆ ಇತ್ತು.

"ಕರಾವಳಿಯಲ್ಲಿ ಮನೆ ಮುಚ್ಚಿದರೆ ಬೂಸ್ಟು ಬರುತ್ತದೆ" ಅಂತ ಟೈಪ್ ಮಾಡಲು ಹೊರಟವರೇ, ನಿಲ್ಲಿ. ಇಡೀ ಮನೆ ಮುಚ್ಚಿ ಅಂದವರು ಯಾರು? ಎಸಿ ಇರುವ ಕೋಣೆ, ಅದೂ ಎಸಿ ಓಡುವಾಗ. ಬೆಳಿಗ್ಗೆ ಕಿಟಕಿ ತೆರೆಯಲು ಕೈ ಇಲ್ವಾ? ತಣ್ಣಗಿನ ಗೋಡೆಗೆ ಹಸಿ ಗಾಳಿ ತಾಗಿದರೆ ಬೂಸ್ಟು. ಆ ಗಾಳಿಯನ್ನು ಒಳಗೆ ಕರೆಯುವುದೇ ನಿಮ್ಮ ಸಂದು.

2020ರಿಂದ ಸ್ಟಾರ್ ಗುರುತಿನ ಎಸಿಗಳು ಆನ್ ಆಗುವುದೇ 24ಕ್ಕೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6 ಕರೆಂಟು ಉಳಿಯುತ್ತದೆ ಅಂತ ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ (ಬಿಇಇ) ಲೆಕ್ಕ. ನಮ್ಮವರು 18ಕ್ಕೆ ಇಳಿಸಿ ರಗ್ಗು ಹೊದೆಯುತ್ತಾರೆ.

ಹೊಟ್ಟೆಕಿಚ್ಚಾ ಅಂತೀರಾ? ಸ್ವಲ್ಪ ಉಂಟು. ನನ್ನ ಬಾಡಿಗೆ ಮನೆಯಲ್ಲಿ ಎಸಿಯೇ ಇಲ್ಲ, ಫ್ಯಾನಿನಡಿ ಬೆವರುತ್ತಾ ಬರೆಯುತ್ತಿದ್ದೇನೆ. ಆದರೆ ಬಿಲ್ಲು ಬಂದಾಗ ಅವರು ನನಗೇ ಫೋನ್ ಮಾಡುತ್ತಾರೆ ನೋಡಿ, ಮೀಟರ್ ಜಾಸ್ತಿ ಓಡ್ತಾ ಉಂಟು ಅಂತ.