ಹೆಸರಿನ ಲಿಸ್ಟ್ ಬಿಡ್ರಿ, ನೀರಿನ ಲೆಕ್ಕ ಕೇಳ್ರಿ

ಅರುಣಾಚಲದ ಊರು, ಗುಡ್ಡ, ಹೊಳಿಗೆಲ್ಲ ಚೀನಾ ತನ್ನ ಹೆಸರಿಟ್ಟು ಲಿಸ್ಟ್ ಬಿಟ್ಟಾಗೊಮ್ಮೆ ನಮ್ಮ ಟಿವಿಯವರ ಗಂಟಲ ಹರೀತದ. 2017ರಾಗ 6 ಹೆಸರು, 2021ಕ್ಕ 15, 2023ಕ್ಕ 11, 2024ರಾಗ ಒಮ್ಮೆಲೇ 30, 2025ಕ್ಕ ಮತ್ತ 27. ಸಿಟ್ಟು ನಂಗೂ ಬರ್ತದ, ಇಲ್ಲ ಅನ್ನಲ್ಲ. ಆದ್ರ ಆಫೀಸಿನ್ಯಾಗ ಕುಂತು ಇಟ್ಟ ಹೆಸರು ಹೊಳಿಗಿ ಹತ್ತಲ್ರಿ. ಅಲ್ಲಿನ ಸಿಯಾಂಗ್ ಹೊಳಿ ದಂಡಿ ಮ್ಯಾಲಿನ ‘ಆದಿ’ ಅನ್ನೂ ಬುಡಕಟ್ಟಿನ ಮಂದಿ ಅದಕ್ಕ ಸಿಯಾಂಗ್ ಅಂತನೇ ಅಂತಾರ, ನಾಳೆನೂ ಅಂತಾರ. ನಮ್ಮೂರಿಗೇ 2014ರಾಗ ನಮ್ಮ ಸರ್ಕಾರನೇ ಕಲಬುರಗಿ ಅಂತ ಮಾಡ್ತು, ಅದೂ ನಮ್ಮ ಹಳೇ ಹೆಸರೇ, ಆದ್ರೂ ಯೂನಿವರ್ಸಿಟಿ ಬೋರ್ಡಿನ ಮ್ಯಾಲ ಇನ್ನಾ ಗುಲ್ಬರ್ಗಾ ಅದ, ನಮ್ಮ ಮಂದಿ ಬಾಯಾಗೂ ಅರ್ಧಕ್ಕರ್ಧ ಅದೇ ಅದ.

ಇನ್ನೊಂದು, ಕಾಂಪಿಟೇಟಿವ್ ಎಕ್ಸಾಮ್ ಗೈಡಿನ್ಯಾಗ ಟಿಬೆಟ್ಟಿನ್ಯಾಗ ಸಾಂಗ್ಪೋ, ಭಾರತದಾಗ ಬ್ರಹ್ಮಪುತ್ರಾ, ಬಾಂಗ್ಲಾದಾಗ ಜಮುನಾ ಅಂತ ಒಂದು ಸಾಲು ಇರ್ತದ, ಹುಡುಗರು ಬಾಯಿಪಾಠ ಮಾಡ್ತಾರ. ಚೆಕ್‌ಪೋಸ್ಟಿನ್ಯಾಗ ನಿಂದ್ರಿಸಿ ಸಿಕ್ಕಾ ಹೊಡದು ಹೆಸರು ಬದಲ್ ಮಾಡಿ ಕಳಿಸ್ತಾರೇನೋ ಅನ್ನಂಗ. ಖರೇ ನೋಡಿದ್ರ ಅರುಣಾಚಲಕ್ಕ ಬಂದ ಮ್ಯಾಲ ಅದು ಸಿಯಾಂಗ್, ಅಸ್ಸಾಮಿನ ಬಯಲಿಗಿ ಇಳದು ದಿಬಾಂಗ್, ಲೋಹಿತ್ ಕೂಡಿದ ಮ್ಯಾಲೇ ಬ್ರಹ್ಮಪುತ್ರಾ. ಅಸ್ಸಾಮಿನವರು ಪ್ರೀತಿಲೆ ಲುಯಿತ್ ಅಂತಾನೂ ಅಂತಾರ. ಧುಬ್ರಿ ದಾಟಿ ಬಾಂಗ್ಲಾದೇಶದಾಗ ಹೋದ ಮ್ಯಾಲೂ ಒಂದಷ್ಟು ದೂರ ಬ್ರಹ್ಮಪುತ್ರಾನೇ. ಜಮುನಾ ಆಗೋದು ಮುಂದ, ಅದಕ್ಕ ಗಡಿ ಕಾರಣ ಅಲ್ಲ, ನೀರು ಕಾರಣ. 1787ರಾಗ ತೀಸ್ತಾಕ್ಕ ದೊಡ್ಡ ಪ್ರವಾಹ ಬಂದು ಅದು ತನ್ನ ಹಳೇ ದಾರಿ ಬಿಟ್ಟು ಬ್ರಹ್ಮಪುತ್ರಾಕ್ಕ ಬಂದು ಬಿತ್ತು, ಮುಂದ ಕೆಲವು ದಶಕದಾಗ ಮುಖ್ಯ ನೀರೆಲ್ಲ ಪಶ್ಚಿಮಕ್ಕ ಸರೀತು, ಆ ಹೊಸ ಹರಿವಿಗಿ ಜಮುನಾ ಅಂದ್ರು. ಹಳೇ ಹರಿವು ಇನ್ನಾ ಅದ, ಸಣ್ಣಾಗ್ಯದ, ಮೈಮನ್‌ಸಿಂಗ್ ಊರಿನ ಮಗ್ಗಲಿಂದ ಹರೀತದ, ಅಲ್ಲಿ ಮಂದಿ ಅದಕ್ಕ ಹಳೇ ಬ್ರಹ್ಮಪುತ್ರಾ ಅಂತಾರ. ಆವಾಗ ಅಲ್ಲಿ ಯಾವ ದೇಶದ ಗಡಿನೂ ಇದ್ದಿಲ್ಲ.

ನಮ್ಮ ಭೀಮಾನೇ ನೋಡ್ರಿ. ಮಹಾರಾಷ್ಟ್ರದ ಗಡಿ ದಾಟಿ ಅಫ್ಜಲಪುರ ಕಡಿ ಬಂದ್ರೂ ಭೀಮಾನೇ. ಹೆಸರು ಬದಲಾಗೋದು ಪಂಢರಪುರದಾಗ, ವಿಠ್ಠಲನ ಮುಂದ, ಚಂದ್ರಭಾಗಾ ಅಂತ, ಅಲ್ಲಿಂದ ಮುಂದ ಮತ್ತ ಭೀಮಾ.

ಹಂಗಾದ್ರ ಸಿಟ್ಟು ಯಾವುದಕ್ಕ ಬರಬೇಕು? ಬ್ರಹ್ಮಪುತ್ರಾದ ನೀರು ಮಳಿಗಾಲದಾಗ ಮ್ಯಾಲ ಎಷ್ಟ್ ಏರ್ಯದ ಅಂತ ಚೀನಾ ನಮಗ ಹೇಳೂ ಒಪ್ಪಂದ 2002ರಾಗ ಆಗಿತ್ತು, ಆಗಾಗ ಮುಂದುವರಿಸ್ಕೋತ ಬಂದಿದ್ರು. 2017ರಾಗ, ಡೋಕ್ಲಾಮ್‌ದಾಗ ಭಾರತ, ಚೀನಾ ಸೈನ್ಯ ಎದುರುಬದುರು ನಿಂತ ವರ್ಷ, ಮಾಹಿತಿ ಬರಲಿಲ್ಲ. 2023ಕ್ಕ ಒಪ್ಪಂದದ ಮುದ್ದತ್ತೇ ಮುಗೀತು. ಇದಕ್ಕ ಯಾವ ಚಾನೆಲ್‌ನಾಗ ಗಂಟಲ ಹರೀತು ಹೇಳ್ರಿ? ಹೆಸರಿನ ಲಿಸ್ಟಿಗಿ ಪ್ಯಾನೆಲ್ ಡಿಸ್ಕಶನ್, ನೀರಿನ ಲೆಕ್ಕಕ್ಕ ಕೆಳಗ ಓಡೂ ಒಂದು ಸಾಲು.

ಈ ಹೊಳಿ ಹಣೇಬರಾನೇ ಹಂಗ ಅದ ಬಿಡ್ರಿ. ಸಾಂಗ್ಪೋನೇ ಬ್ರಹ್ಮಪುತ್ರಾ ಹೌದೋ ಅಲ್ಲೋ ಅಂತ ನಕ್ಷಾ ಬರಿಯೋರಿಗಿ ಭಾಳ ವರ್ಷ ಖಾತ್ರಿ ಇದ್ದಿಲ್ಲ. ಅದಕ್ಕಂತ 1880ರಾಗ ಬ್ರಿಟಿಷ್ ಸರ್ವೇದವರು ಸಿಕ್ಕಿಮಿನ ಕಿಂಥುಪ್ ಅನ್ನಾಂವನ್ನ ಒಬ್ಬ ಲಾಮಾನ ಜೋಡಿ ಟಿಬೆಟ್ಟಿಗಿ ಕಳಿಸಿದ್ರು. ಆ ಲಾಮಾ ಇವನ್ನ ಗುಲಾಮ ಅಂತ ಮಾರಿ ಹೋದ. ಅಂವ ಹೆಂಗೋ ತಪ್ಪಿಸ್ಕೊಂಡು, ಓದು ಬರಹ ಬರಲಾರದ ಮನಷ್ಯಾ, ಬ್ಯಾರೆಯವರ ಕಡಿಂದ ಪತ್ರ ಬರಸಿ, 500 ಕಟಗಿ ತುಂಡಿಗಿ ಗುರುತು ಮಾಡಿ ದಿನಕ್ಕ 50ರಂಗ ಹೊಳಿಗಿ ಬಿಟ್ಟ, ಕೆಳಗ ಅಸ್ಸಾಮಿನ್ಯಾಗ ಅವು ಕಂಡ್ರ ಎರಡೂ ಒಂದೇ ಹೊಳಿ ಅಂತ ಖಾತ್ರಿ ಆಗ್ತದಂತ. ಪತ್ರ ಯಾರಿಗಿ ಮುಟ್ಟಬೇಕಿತ್ತೋ ಆ ಸಾಹೇಬ ಆಗಲೇ ದೇಶ ಬಿಟ್ಟು ಹೋಗಿದ್ದ. ಕೆಳಗ ಯಾರೂ ಕಾಯಲಿಲ್ಲ, 500ಕ್ಕ 500 ತುಂಡು ಹಂಗೇ ತೇಲಿ ಹೋದ್ವು. ಖಾತ್ರಿ ಆಗ್ಲಕ್ಕ 1913ರ ತನಕ ಬೇಕಾತು, ಬೇಯ್ಲಿ ಮತ್ತ ಮೋರ್ಸ್‌ಹೆಡ್ ಅನ್ನೂ ಬ್ರಿಟಿಷ್ ಅಧಿಕಾರಿಗಳು ಕಾಲ್ನಡಿಲೆ ಹೋಗಿ ನೋಡಿ ಬಂದ ಮ್ಯಾಲ.

ಮ್ಯಾಲಿನ ಸುದ್ದಿ ಕೆಳಗ ಮುಟ್ಟಲಿಲ್ಲಂದ್ರ ಏನಾಗ್ತದ ಅಂತ ಭೀಮಾ ದಂಡಿಯವರಿಗಿ ಬಿಡಿಸಿ ಹೇಳೂದು ಬ್ಯಾಡ. ಬ್ಯಾಸಿಗ್ಯಾಗ ಮಹಾರಾಷ್ಟ್ರದ ಉಜನಿ ಡ್ಯಾಮಿಂದ ನೀರು ಬಿಡ್ರೋ ಅಂತ ಕೈ ಮುಗೀಬೇಕು, ಮಳಿಗಾಲದಾಗ ಅದೇ ಉಜನಿ ಮತ್ತ ವೀರ್ ಡ್ಯಾಮಿನ ಗೇಟ್ ಎತ್ತಿದ್ರ ಸೊನ್ನ ಬ್ಯಾರೇಜಿಂದ ಹಿಡದು ಕೆಳಗೆಲ್ಲ ರಾತ್ರಿ ನಿದ್ದಿಲ್ಲ. 2020ರ ಅಕ್ಟೋಬರ್ ಪ್ರವಾಹ ಮರೆಯೋರು ಯಾರರಿ? ಒಂದೇ ದೇಶ, ಹೊಳಿ ಹೆಸರೂ ಒಂದೇ, ಫೋನ್ ಹಚ್ಚಿದ್ರ ಎಷ್ಟ್ ಕ್ಯೂಸೆಕ್ ಅಂತ ಹೇಳೂ ಅಧಿಕಾರಿ ಇದ್ದಾರ, ಆದ್ರೂ ನಮ್ಮ ಪರಿಸ್ಥಿತಿ ಇದು.

ಈಗ ಚೀನಾ ಟಿಬೆಟ್ಟಿನ್ಯಾಗ ನಾಮ್ಚಾ ಬರ್ವಾ ಪರ್ವತದ ಸುತ್ತ ಸಾಂಗ್ಪೋ ತಿರುವೋ ಕಡಿ, ಮೆದೋಗ್ ಹತ್ರ, 60,000 ಮೆಗಾವಾಟಿನ ಜಲವಿದ್ಯುತ್ ಯೋಜನೆ 2025ರ ಜುಲೈದಾಗ ಶುರು ಮಾಡ್ಯದ. ಅವರ ತ್ರೀ ಗಾರ್ಜಸ್ ಡ್ಯಾಮ್ 22,500 ಮೆಗಾವಾಟ್, ತಿಳ್ಕೋರಿ. ಚೀನಾ ನಳ ಬಂದ್ ಮಾಡಿದ್ರ ಬ್ರಹ್ಮಪುತ್ರಾ ಒಣಗ್ತದ ಅಂತ ಹೆದರಸೋರ ಮಾತು ನಾ ಒಪ್ಪಲ್ಲ, ಯಾಕಂದ್ರ ನಮ್ಮ ಕಡಿ ಬಂದ ಮ್ಯಾಲೇ ಮಳಿ ನೀರು, ಸುಬನ್ಸಿರಿ, ಲೋಹಿತ್ ಎಲ್ಲ ಕೂಡಿ ಅದು ಅಷ್ಟು ದೊಡ್ಡದಾಗ್ತದ. ಹೆದರಿಕಿ ಇರೋದು ಹೇಳದೇ ಕೇಳದೇ ನೀರು ಬಿಡೂದರದು.

ಮತ್ತ ಒಂದು ಮಾತು, ಇದು ಕೆಲವರಿಗಿ ಸೇರಲ್ಲ. ಬಾಂಗ್ಲಾದವರಿಗಿ ಮ್ಯಾಲಿನವರು ನಾವು. ತೀಸ್ತಾ ನೀರಿನ ಒಪ್ಪಂದ 2011ರಿಂದ ಸಹಿ ಆಗದೇ ಬಿದ್ದದ. ಫರಕ್ಕಾದಾಗಿನ ಗಂಗಾ ಒಪ್ಪಂದ 1996ರ ಡಿಸೆಂಬರಿಂದು, ಮುದ್ದತ್ 30 ವರ್ಷ, ಅಂದ್ರ 2026ರ ಡಿಸೆಂಬರ್. ಚೀನಾಕ್ಕ ನಾವು ಏನ್ ಕೇಳ್ತೀವೋ ಅದನ್ನೇ ಅವರು ನಮಗ ಕೇಳ್ತಾರ, ಕೊಡಬೇಕು ಅಂತ ನನ್ನ ಅಭಿಪ್ರಾಯ. ಕಮೆಂಟಿನ್ಯಾಗ ಬೈಯೋರು ಬೈರಿ, ಆದ್ರ ಮೊದಲ ನಕ್ಷಾ ತೆಗದು ನೋಡಿ ಬೈರಿ.