ಕ್ಯಾಬಿನೆಟ್ ಹಿಂದೆ ಒಣಗುವ ಸಾಕ್ಸು

ಶಿರಸಿಯ ಮಳೆಗಾಲದಲ್ಲಿ ಗೇಮಿಂಗ್ ಕಂಪ್ಯೂಟರಿನ ಬಿಸಿಗಾಳಿಗೆ ಭಾರೀ ಬೇಡಿಕೆ. ವಾರವಾದರೂ ಒಣಗದ ಸಾಕ್ಸನ್ನು ಹಿಂದಿನ ಜಾಲರಿಗೆ ಒರಗಿಸಿಟ್ಟರೆ ಒಂದು ಮ್ಯಾಚ್ ಮುಗಿಯುವುದರೊಳಗೆ ಬೆಚ್ಚಗಾಗುತ್ತದೆ. ಪ್ರೊಸೆಸರೂ ಆಗುತ್ತದೆ. 95–100 ಡಿಗ್ರಿ ಹತ್ತಿರ ಬಂದ ಮೇಲೆ ಅದು ಜೀವ ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ, ಆಟ ತೆವಳುತ್ತದೆ. ಮಗ ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕೆಂದು ಹಟ ಹಿಡಿಯುತ್ತಾನೆ. ಮೊದಲು ಸಾಕ್ಸ್ ತೆಗೆಯಿರಿ.

ಮೇಲಿನ ಜಾಲರಿಯೂ ಬಿಸಿಗಾಳಿ ಹೊರಹೋಗುವ ದಾರಿಯೇ. ಅಲ್ಲಿ ಕಸೂತಿ ಬಟ್ಟೆ, ಅದರ ಮೇಲೆ ಗಣಪತಿ, ಆಯುಧಪೂಜೆಗೆ ಧಾರಾಳ ಕುಂಕುಮ. ಮಾನಿಟರಿಗೆ ಹಚ್ಚಿ ಅಂದರೆ ಆಯಿ ಒಪ್ಪುವುದಿಲ್ಲ: “ಯಂತ್ರ ಇದಲ್ದನಾ ತಮಾ? ಅದು ಬರೀ ಟೀವಿ.”

ಕಾರವಾರದವರು ಸೆಕೆ ತಾಳದೆ ಪಕ್ಕದ ಬಾಗಿಲು ಬಿಚ್ಚಿ ಟೇಬಲ್ ಫ್ಯಾನ್ ಹಚ್ಚುತ್ತಾರೆ. ಕೆಲವು ಡಿಗ್ರಿ ಇಳಿಯುವುದೂ ಉಂಟು. ಆದರೆ ಕಡಲ ಕಡೆ ಕಿಟಕಿ ತೆರೆದಿದ್ದರೆ ಉಪ್ಪುಗಾಳಿಯ ತೇವಕ್ಕೆ ಧೂಳು ಹೀಟ್‌ಸಿಂಕಿನ (ಪ್ರೊಸೆಸರಿನ ಬಿಸಿ ಹೀರುವ ಲೋಹದ ಪಟ್ಟಿಗಳು) ಸಂದಿಯಲ್ಲಿ ಅಂಟಿ ಕೂರುತ್ತದೆ, ಸ್ಕ್ರೂ ತುಕ್ಕು ಹಿಡಿಯುತ್ತದೆ. ಹಲ್ಲಿಗಂತೂ ಬಾಡಿಗೆಯಿಲ್ಲದ ಮನೆ. ಕೋಣೆಯೇ 33 ಡಿಗ್ರಿ ಇದ್ದರೆ ಯಾವ ಫ್ಯಾನೂ ಅದಕ್ಕಿಂತ ಕೆಳಗೆ ಇಳಿಸದು, ಅಷ್ಟು ಒಪ್ಪಿಕೊಳ್ಳಬೇಕು.

ಧೂಳು ತೆಗೆಯುವಾಗ ಪ್ಲಗ್ ಕಿತ್ತಿರಲಿ. ಬ್ಲೋವರ್ ಹಿಡಿಯುವ ಮುಂಚೆ ಫ್ಯಾನಿನ ರೆಕ್ಕೆಗೆ ಬೆರಳು ಅಡ್ಡ ಇಡಿ. ಗಿರ್ರನೆ ತಿರುಗಲು ಬಿಟ್ಟರೆ ಬೇರಿಂಗ್ ಹೋಗುತ್ತದೆ. ಮುಂದಿನ ಫ್ಯಾನ್ ಗಾಳಿ ಒಳಕ್ಕೆಳೆಯಬೇಕು, ಹಿಂದಿನದು ಮತ್ತು ಮೇಲಿನದು ಹೊರಕ್ಕೆ. ಸಾಮಾನ್ಯವಾಗಿ ಅಡ್ಡಕಡ್ಡಿಗಳಿರುವ ಬದಿಯಿಂದ ಗಾಳಿ ಹೊರಬೀಳುತ್ತದೆ. ಎಲ್ಲ ಫ್ಯಾನೂ ಹೊರಕ್ಕೇ ಊದುವ ಕ್ಯಾಬಿನೆಟ್‌ಗಳಿವೆ; ಒಳಗೆ ಬರುವ ಗಾಳಿ ಫಿಲ್ಟರ್ ಇಲ್ಲದ ಸಂದಿಗಳಿಂದ ಧೂಳು ಸಮೇತ ಬರುತ್ತದೆ.

ಇಷ್ಟಾದರೂ ಬಿಸಿ ಇಳಿಯದಿದ್ದರೆ ಪ್ರೊಸೆಸರಿನಿಂದ ಅದರ ಮೇಲಿನ ಕೂಲರಿಗೆ (ಹೀಟ್‌ಸಿಂಕ್ ಮತ್ತು ಫ್ಯಾನ್) ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರಬಹುದು. ಎಎಂಡಿ ಕಂಪನಿಯ ಎಎಂ4 ಸಾಕೆಟ್ಟಿನ (ಚಿಪ್ ಕೂರುವ ಗೂಡು) ರೈಜನ್ ಪ್ರೊಸೆಸರ್ ಇದ್ದರೆ ಹುಷಾರು. ತಣ್ಣಗಿರುವಾಗ ಕೂಲರ್ ಜಗ್ಗಿದರೆ ಚಿಪ್ಪೇ ಅಂಟಿಕೊಂಡು ಕಿತ್ತುಬಂದು ಪಿನ್ ಬಾಗುತ್ತವೆ. ಹತ್ತು ನಿಮಿಷ ಆಟ ಓಡಿಸಿ, ಆಫ್ ಮಾಡಿ ಪ್ಲಗ್ ಕಿತ್ತು, ಕೂಲರನ್ನು ಮೆಲ್ಲಗೆ ಅತ್ತಿತ್ತ ತಿರುಚಿ ಎತ್ತಿ. ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಚಿಪ್ಪಿನ ನಟ್ಟನಡುವೆ ಕಾಳುಮೆಣಸಿನಷ್ಟು ಹೊಸದು ಹಾಕಿದರೆ ಸಾಕು. ಸ್ಕ್ರೂಗಳನ್ನು ಎದುರುಬದುರು ಮೂಲೆಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಹೊಸ ಕೂಲರ್ ಕೂರಿಸಿದ ಮೇಲೂ ಆಟ ಶುರುವಾದ ಕೆಲವೇ ಸೆಕೆಂಡಿಗೆ 100 ಮುಟ್ಟಿದರೆ ಅಂಗಡಿಯವನನ್ನು ಬೈಯುವ ಮುಂಚೆ ಬಿಚ್ಚಿ ತಳ ನೋಡಿ. ‘ಜೋಡಿಸುವ ಮೊದಲು ತೆಗೆಯಿರಿ’ ಎಂದು ಬರೆದ ಪ್ಲಾಸ್ಟಿಕ್ ಹಾಳೆ ಅಲ್ಲೇ ಇರುತ್ತದೆ, ಪೇಸ್ಟ್ ಸಮೇತ.