ಬೆಳ್ಳಗಿರುವ ಅನಿಮೋನ್ ಅಪರೂಪದ ತಳಿಯಲ್ಲ

‘ಹಾಲಿನಂತೆ ಬೆಳ್ಳಗಿರುವ ಸೀ ಅನಿಮೋನ್ (ಹೂವಿನಂತೆ ಕಾಣುವ ಕಡಲ ಪ್ರಾಣಿ) ಅಪರೂಪದ ತಳಿ, ಸಿಕ್ಕರೆ ಬಿಡಬೇಡಿ’ ಎಂಬ ಸಂದೇಶ ಅಕ್ವೇರಿಯಂ ಇಟ್ಟವರ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ಅದು ತಪ್ಪು. ಹಿಂದೆ ನಾನೂ ನಂಬಿ ಕೆಲವರಿಗೆ ಕಳಿಸಿದ್ದೆ, ಕ್ಷಮಿಸಿ.

ಕ್ಲೌನ್ ಮೀನು ಮನೆಮಾಡುವ ಅನಿಮೋನ್‌ಗಳ ಮೈಯೊಳಗೆ ಜೂಕ್ಸಾಂಥೆಲ್ಲೆ ಎಂಬ ಅತಿ ಸಣ್ಣ ಪಾಚಿಗಳಿರುತ್ತವೆ. ಮೈಯ ಕಂದು ಬಣ್ಣ ಅವುಗಳದ್ದೇ. ಬೆಳಕಿನಿಂದ ಆಹಾರ ತಯಾರಿಸಿ ಅನಿಮೋನ್‌ಗೆ ಕೊಡುವುದೂ ಅವೇ. ಸಾಗಣೆಯ ಒತ್ತಡ, ಸಾಲದ ಬೆಳಕು, ಬಿಸಿಯೇರಿದ ನೀರು ಇವುಗಳಿಂದ ಪಾಚಿ ಹೊರಟುಹೋದರೆ ಮೈ ಬಿಳಿಚಿಕೊಳ್ಳುತ್ತದೆ. ಅಂದರೆ ಅದು ಹಸಿದಿರುವ ಪ್ರಾಣಿ, ಅಲ್ವಾ? ಸೇಬೆ ಎಂಬ ಜಾತಿಯ ಅನಿಮೋನ್ ಅಂಗಡಿಗೆ ಹೀಗೆ ಬರುವುದು ಜಾಸ್ತಿ. ಮೈಮೇಲಿನ ಎಳೆಗಳ ತುದಿ ಮಾತ್ರ ಗುಲಾಬಿ ಅಥವಾ ಹಸಿರಾಗಿದ್ದರೆ ಚಿಂತೆಯಿಲ್ಲ, ಅದು ಸಹಜ. ಇಡೀ ಮೈ ಗಾಢ ಹಳದಿಯಿದ್ದರೆ ಬಣ್ಣ ಹಾಕಿರಬಹುದು.

ಈಗಾಗಲೇ ತಂದವರು ಗಾಬರಿಯಾಗಬೇಡಿ. ನೀರು 25–26 ಡಿಗ್ರಿ ಸೆಲ್ಸಿಯಸ್, ಉಪ್ಪಿನಂಶ ತೋರಿಸುವ ಹೈಡ್ರೋಮೀಟರ್ ಅಳತೆ 1.025ರ ಹತ್ತಿರ, ಏರಿಳಿತವಿಲ್ಲದೆ ಇರಲಿ. ಬೆಳಕನ್ನು ನಿಧಾನವಾಗಿ ಹೆಚ್ಚಿಸಿ. ವಾರಕ್ಕೆ ಒಂದೆರಡು ಸಲ ಸಿಗಡಿಯ ಸಣ್ಣ ಚೂರು ಕೊಡಿ. ದೊಡ್ಡ ತುಂಡು ಬೇಡ, ಉಗುಳಿಬಿಡುತ್ತದೆ. ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾಗಬಹುದು.

ಆ ಸಂದೇಶ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಕಳಿಸಿದವರಿಗೆ ಇದನ್ನು ತಿಳಿಸಿ.